ಅರದ ಗೆರೆ
ನ್ಯಾಯಾಲಯದ ಪಡಸಾಲೆಯಲ್ಲಿ ಕಾಗದ ಜೋಡಿಸುತ್ತಿದ್ದ ಬೆರಳಚ್ಚುಗಾರ್ತಿ ಕಿವಿಗೊಡಬಾರದು ಅಂದುಕೊಂಡೇ ಕಿವಿಗೊಟ್ಟಳು. ಪಕ್ಕದ ಬೆಂಚಿನಲ್ಲಿ ಅಕ್ಕ, ತಮ್ಮ. ತೀರಿಹೋದ ಅಪ್ಪ ಕಾರಿನ ಬಾಗಿಲ ಚಿಲಕಕ್ಕೆ ಪಡೆದಿದ್ದ ಪೇಟೆಂಟಿಗಾಗಿ ದೊಡ್ಡ ಕಾರು ಕಂಪನಿಯ ಮೇಲೆ ಕೇಸು ಹಾಕಿದವಳು ಅಕ್ಕ. ತಮ್ಮ ಅದೇ ಕಂಪನಿಯ ಫಿಟ್ಟರ್, ಇವತ್ತು ಅದರ ಸಾಕ್ಷಿ.

"ಕಂಪನಿಯವರು ಚಿಲಕದ ಮೊದಲ ಮಾದರಿ ತೋರಿಸಿದ್ರಾ?" ಅಕ್ಕ ಕೇಳಿದಳು.

"ನಿನ್ನೆ ಕೈಗೇ ಕೊಟ್ರು."

"ಅರದಲ್ಲಿ ಉಜ್ಜಿದ ಗೆರೆ ಯಾವ ಕಡೆ ವಾಲಿತ್ತು?"

"ಎಡಗೈಯವರ ಕೆಲಸ ಅಕ್ಕ. ನೋಡಿದ ಕೂಡ್ಲೇ ಗೊತ್ತಾಯ್ತು."

"ಅಪ್ಪನ ಎಡಗೈದೇ. ಕಂಪನಿಗೆ ತೋರಿಸೋಕೆ ಅಂತ ಕೊಟ್ಟುಬಂದದ್ದು ಅದು."

"ಕಂಪನಿ ವಕೀಲರಿಗೂ ಅದೇ ಭಯ. 'ನೀನೂ ಎಡಚ ತಾನೇ, ಪೇಟೆಂಟಿಗೆ ಮೊದ್ಲೇ ಕಾರ್ಖಾನೇಲಿ ನಾನೇ ಮಾಡಿದ್ದು ಅಂದ್ಬಿಡು' ಅಂದ್ರು."

ಅಕ್ಕ ತಮ್ಮನ ಊಟದ ಡಬ್ಬಿಯನ್ನು ಬೆಂಚಿನ ಒಳಕ್ಕೆ ಸರಿಸಿದಳು.

"ಅನ್ನದಿದ್ರೆ?"

"ಕಂಪನಿ ಸೋತ್ರೆ ಆ ಕಾರು ಮಾಡೋದೇ ನಿಲ್ಲುತ್ತೆ. ನಮ್ಮ ಪಾಳಿಯ ಮುನ್ನೂರು ಜನ ಮನೆಗೆ. ನಂಗೆ ಅತ್ತ ದರಿ, ಇತ್ತ ಪುಲಿ."

"ನಾನು ಬೇಡ್ಕೊಳ್ಳಲ್ಲ. ನಿನ್ನ ಎಡಗೈಗೆ ಅರ ಹಿಡಿಯೋದು ಕಲಿಸಿದ್ದು ಯಾರು ಅಂತ ನಿಂಗೇ ಗೊತ್ತು."

ಜವಾನ ಬಾಗಿಲಿಗೆ ಬಂದು ಕಂಪನಿಯ ಸಾಕ್ಷಿಯನ್ನು ಕೂಗಿದ. ತಮ್ಮ ಎದ್ದು ಅಂಗಿ ಸರಿಮಾಡಿಕೊಂಡ.

"ಆ ಗೆರೆಗಳ ಮೇಲೆ ಬೆರಳಾಡಿಸಿದೆ ಅಕ್ಕ. ನೂಲು ಹಿಡಿದ ಹಾಗಿದ್ವು. ಮೂವತ್ತು ವರ್ಷ ಉಜ್ಜಿದ್ರೂ ನನ್ನ ಕೈಗೆ ಆ ನೇರ ಬಂದಿಲ್ಲ."

"ಅದಕ್ಕೆ?"

"ಒಳಗೂ ಅದನ್ನೇ ಹೇಳ್ತೀನಿ. ಅಷ್ಟು ಚೆನ್ನಾಗಿ ನಂಗೆ ಬರಲ್ಲ ಅಂತ."

ಅವನು ಒಳಗೆ ನಡೆದ. ಅವನ ಊಟದ ಡಬ್ಬಿ ಎತ್ತಿಕೊಂಡು ಅಕ್ಕನೂ ಹಿಂದೆಯೇ ಹೋದಳು.