ನಕ್ಷೆಯ ಮೂಲೆಯ ಡಬ್ಬಿ

ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ ಎಂಬ ಮತದಾನಕ್ಕೆ ಎರಡೇ ದಿನವಿತ್ತು. ಸ್ಕಾಟ್ಲೆಂಡಿಗೇ ಸೇರಿದ, ದೂರದ ಉತ್ತರ ಸಮುದ್ರದ ಶೆಟ್‌ಲೆಂಡ್ ದ್ವೀಪಗಳ ಊರು ಲೆರ್ವಿಕ್ಕಿನ ಬಸ್ ಸಾಲಿನಲ್ಲಿ ನನ್ನ ಮುಂದೆ ಮುದುಕ ಲೌರಿಯೂ ಅವನ ಹೆಂಡತಿ ಓಸ್ಲಾಳೂ ನಿಂತಿದ್ದರು.

“ಸ್ವಾತಂತ್ರ್ಯ ಬಂದ್ರೆ ಟೀವಿನೂ ನಮ್ದೇ ಕಣೇ.”

“ನಮ್ದು ಅಂದ್ರೆ?”

“ಎಡಿನ್‌ಬರೋದು.”

“ಅಲ್ರೀ, ಹವಾಮಾನ ತೋರಿಸೋವಾಗ ಲಂಡನ್ನಿನೋರು ನಮ್ಮ ಶೆಟ್‌ಲೆಂಡನ್ನ ಸಮುದ್ರದಿಂದ ಕಿತ್ತು, ನಕ್ಷೆ ಮೂಲೇಲಿ ಡಬ್ಬಿಯೊಳಗೆ ಕೂರಿಸ್ತಾರಲ್ಲ. ಎಡಿನ್‌ಬರೋದವ್ರು ಹೊರಗೆ ತೆಗೀತಾರಾ?”

ಲೌರಿ ಟೋಪಿ ಎತ್ತಿ ತಲೆ ಕೆರೆದುಕೊಂಡ.

“ಇಲ್ಲ ಬಿಡು. ಅವ್ರೂ ಡಬ್ಬಿಗೇ ಹಾಕ್ತಾರೆ.”

“ಮತ್ತೆ ನಿಮ್ಮ ಓಟು?”

“ಸ್ವಾತಂತ್ರ್ಯಕ್ಕೇ. ಆಮೇಲೆ ನಾವೂ ಒಂದು ಚಾನೆಲ್ ಶುರು ಮಾಡೋಣ. ನಕ್ಷೆ ತುಂಬಾ ಬರೀ ಶೆಟ್‌ಲೆಂಡು.”

“ಸ್ಕಾಟ್ಲೆಂಡು?”

“ಮೂಲೇಲಿ, ಡಬ್ಬಿಯೊಳಗೆ.”

ಬಸ್ಸು ಬಂತು. ಓಸ್ಲಾ ಅವನ ತೋಳು ಹಿಡಿದು ಮೆಟ್ಟಿಲು ಹತ್ತಿದಳು.

“ಪಾಪ, ಅದಕ್ಕೊಂದು ಕಿಟಕಿನಾದ್ರೂ ಇಡ್ರಿ.”