ಗುರುಬಾಯಿ ಬಿಟ್ಟ ಸ್ಕಾಲರ್‌ಶಿಪ್ಪು

೧೯೭೪ರ ಡಿಸೆಂಬರ್. ಸೇಡಂ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಇಬ್ಬರು ಗೆಳತಿಯರು ಕುಳಿತಿದ್ದರು. ಗುರುಬಾಯಿ ಎಂಬವಳ ಕೈತುಂಬ ಮದುವೆಯ ಹಸಿರು ಬಳೆ. ಅಖ್ತರ ಒಂದು ಬಿಳಿಹಾಳೆಯನ್ನು ಅವಳ ಮುಂದೆ ಹಿಡಿದು ಹೇಳುತ್ತಿದ್ದಳು:

“ನಾ ಅಕ್ಟೋಬರ್ ಪರೀಕ್ಷಾದಾಗ ಪಾಸಾಗಿ ಈಗ ಕಾಲೇಜ್ ಸೇರೀನಿ. ಸ್ಕಾಲರ್‌ಶಿಪ್ ಎಲ್ಲಾ ಜುಲೈದಾಗೇ ಕೊಟ್ಟು ಮುಗಿಸ್ಯಾರ.”

“ಅದಕ್ಕ ನಾ ಏನ್ ಮಾಡ್ಲೇ?”

“ನೀ ಕಾಲೇಜ್ ಬಿಟ್ಟೀನಂತ ಬರದ್ ಕೊಟ್ರ, ನಿಂದು ನನಗ ಕೊಡ್ತಾರಂತ. ಇಲ್ಲಂದ್ರ ನಮ್ಮ ಅಬ್ಬಾ ನನ್ನ ಬಿಡಸ್ತಾರ.”

“ನಾ ಬಿಟ್ಟೀನಂತ ಯಾರ್ ಹೇಳ್ಯಾರ? ಮದಿವಿ ಆಗೇದ, ಅಷ್ಟ.”

“ನಿಮ್ಮತ್ತಿ ಕಳಸ್ತಾಳೇನ?”

ಗುರುಬಾಯಿ ಆಚೆ ಗಂಟುಗಳ ಬಳಿ ನಿಂತಿದ್ದ ಅತ್ತೆಯತ್ತ ನೋಡಿ, ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ಪೆನ್ ತಾ. ಆದ್ರ ನಿನ್ನ ನೋಟ್ಸ್ ತಿಂಗಳಾ ನನಗ ಕಳಸಬೇಕ ನೋಡು.”

“ಸಂಸಾರ ಮಾಡಾಕಿಗಿ ನೋಟ್ಸ್ ಯಾಕವ್ವಾ?”

“ಮನ್ಯಾಗ ಓದಿ ಪರೀಕ್ಷಾ ಕಟ್ತೀನಿ.”

ಚಿಂಚೋಳಿ ಬಸ್ಸು ಬಂತು. ಗುರುಬಾಯಿ ಎರಡು ಸಾಲು ಬರೆದು ಸಹಿ ಮಾಡಿ, ಹಾಳೆಯನ್ನು ಅಖ್ತರಳ ಕೈಗಿಟ್ಟು, ಅತ್ತೆಯ ಹಿಂದೆ ಹತ್ತಿದಳು.