ತೋರಿಸಲಾಗದ ಕೆಲಸ

ಏರ್‌ಪೋರ್ಟಿನಲ್ಲಿ ನೆಲ ಒರೆಸಿ ಬಂದ ಮಾರಕ್ಕ ದೇವನಹಳ್ಳಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಕೊರಳಿಗೆ ಕಂಪನಿ ಕಾರ್ಡು ನೇತುಹಾಕಿಕೊಂಡ ಇಬ್ಬರಿದ್ದರು: ಕನ್ನಡಕದವನೊಬ್ಬ, ಅವನ ಕೈಕೆಳಗಿನ ಹುಡುಗಿಯೊಬ್ಬಳು.

“ಬೆಳಗ್ಗೆ ಇಂಟರ್‌ವ್ಯೂಗೆ ಬಂದಿದ್ದವಳಿಗೆ ಬೇಡ ಅಂತ ಬರೆದ್ಬಿಡು, ಅರ್ಪಿತಾ.”

“ಯಾಕೆ ವೇಣು ಸರ್? ಕೇಳಿದ್ದಕ್ಕೆಲ್ಲ ಚೆನ್ನಾಗೇ ಹೇಳಿದ್ಳಲ್ಲ.”

“ಅವಳು ಬರೆದಿರೋ ಪ್ರೋಗ್ರಾಂ ಒಂದೂ ಇಂಟರ್ನೆಟ್ಟಲ್ಲಿಲ್ಲ. ಏನು ನೋಡಿ ನಂಬೋದಮ್ಮ?”

“ಏಳು ವರ್ಷ ಬರೆದಿದ್ದೆಲ್ಲ ಹಳೇ ಕಂಪನೀದಂತೆ ಸರ್. ಹೊರಗೆ ಹಾಕೋ ಹಂಗಿಲ್ವಂತೆ.”

“ಮನೇಲಿ ಕೂತು ಬೇರೆ ಏನಾದ್ರೂ ಬರೀಬೇಕಿತ್ತು.”

“ಅವಳಿಗೆ ಮನೇಲಿ ಮಗು ಇದೆಯಂತೆ.”

ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

“ನೀವು ಬರೆದಿರೋದು ಎಲ್ಲಿದೆ ಸರ್? ನಾನೂ ನೋಡಿ ಕಲೀತೀನಿ.”

“ನಂದೆಲ್ಲ ಆಫೀಸಲ್ಲೇ ಕಣಮ್ಮ. ಹೊರಗೆ ಹಾಕೋಕೆ ಬಿಡ್ತಾರಾ?”

ಮಾರಕ್ಕನಿಗೆ ತಾನು ಕೆಲಸಕ್ಕೆ ಸೇರಿದ ದಿನ ನೆನಪಾಯಿತು. ಸೂಪರ್‌ವೈಸರು ಬಕೆಟ್ಟು ಕೊಟ್ಟು, “ಒರೆಸಮ್ಮ, ನೋಡೋಣ” ಅಂದಿದ್ದ. ಅಷ್ಟೇ.

ಬಸ್ಸು ಬಂತು. ಇಬ್ಬರೂ ಎದ್ದರು.

“ಹಂಗಾದ್ರೆ ಅವಳಿಗೆ ಏನಂತ ಬರೀಲಿ ಸರ್?”

“ಬೇಡ ಅಂತಾನೇ ಬರಿ,” ಎಂದು ಅವನು ಮೆಟ್ಟಿಲು ಹತ್ತಿದ. “ಕಾರಣ ಬರೀಬೇಡ.”